ಬಿಪಿ ಮಾತ್ರೆಯ ಕವರಿಗೇ ಕೆಮ್ಮಿನ ಸಿರಪ್ಪೂ ಹಾಕಿ ಕೊಟ್ಟಿದ್ದೆ

ನಾನು ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ಈ ಕೆಲಸಕ್ಕೆ ಸೇರಿ 14 ವರ್ಷ ಆಯಿತು. ಮಾತ್ರೆ ಕೊಟ್ಟು, ಹೊತ್ತು ಹೇಳಿ, ಕೊನೆಗೆ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದೆ. "ಮಾತ್ರೆಯಿಂದ ಏನಾದರೂ ತೊಂದರೆ ಆಗ್ತಿದೆಯಾ?" "ಏನೂ ಇಲ್ಲ ಮೇಡಂ" ಅಂತಿದ್ದರು. ಸರಿ, ವಿಚಾರಿಸಿದ ಹಾಗಾಯಿತು ಅಂದುಕೊಂಡು ಮುಂದಿನವರನ್ನು ಕರೆಯುತ್ತಿದ್ದೆ.

ಅರವತ್ತು ದಾಟಿದ ಒಬ್ಬರು ತಿಂಗಳಿಗೊಮ್ಮೆ ಬಿಪಿ ಮಾತ್ರೆಗೆ ಬರುತ್ತಿದ್ದರು. ರಾಮಿಪ್ರಿಲ್, ದಿನಕ್ಕೊಂದು. ಒಂದು ಸಲ ಅದರ ಜೊತೆ ಕೆಮ್ಮಿಗೆ ಸಿರಪ್ ಕೇಳಿದರು, ಕೊಟ್ಟೆ. ಮುಂದಿನ ತಿಂಗಳೂ ಕೇಳಿದರು, ಕೊಟ್ಟೆ. ಮೂರನೇ ಸಲ ಅವರ ಹೆಂಡತಿಯೂ ಜೊತೆಗಿದ್ದರು. ನಾನು ಎಂದಿನ ಪ್ರಶ್ನೆ ಕೇಳಿದೆ. ಅವರು "ಏನೂ ಇಲ್ಲ" ಅಂದರು. ಅಂದ ಬೆನ್ನಿಗೇ ಕೆಮ್ಮು ಹತ್ತಿಕೊಂಡಿತು. ಕಫ ಇಲ್ಲ, ಬರೀ ಒಣ ಕೆಮ್ಮು. ಎಡಗೈಯಲ್ಲಿ ಕೌಂಟರಿನ ಅಂಚು ಹಿಡಿದು ಬಗ್ಗಿ ನಿಂತರು. ಕಣ್ಣಲ್ಲಿ ನೀರು ತುಂಬಿತು. ಬೆನ್ನು ಸವರುತ್ತಾ ಅವರ ಹೆಂಡತಿ ಹೇಳಿದರು, "ರಾತ್ರಿ ಇನ್ನೂ ಜಾಸ್ತಿ ಮೇಡಂ. ಎದ್ದು ಕೂತೇ ಇರ್ತಾರೆ. ಬಿಪಿ ಬಂದಾಗಿಂದ ಇವರಿಗೆ ನಿದ್ದೇನೇ ಇಲ್ಲ."

ಬಿಪಿ ಬಂದಾಗಿಂದ. ಕೈಯಲ್ಲಿದ್ದ ಸಿರಪ್ ಬಾಟಲಿ ಕೆಳಗಿಟ್ಟೆ. ಅವರ ಹಳೆಯ ಚೀಟಿಗಳನ್ನು ತೆಗೆದು ನೋಡಿದೆ. ಮಾತ್ರೆ ಶುರುವಾದ ಐದನೇ ವಾರಕ್ಕೆ ಮೊದಲ ಸಿರಪ್ ಹೋಗಿತ್ತು.

ರಾಮಿಪ್ರಿಲ್, ಎನಲಾಪ್ರಿಲ್ ಜಾತಿಯ ಮಾತ್ರೆಗಳು ಎಸಿಇ ಅನ್ನೋ ಕಿಣ್ವವನ್ನು ತಡೆದು ಬಿಪಿ ಇಳಿಸುತ್ತವೆ. ಆದರೆ ಬ್ರಾಡಿಕೈನಿನ್ ಅನ್ನೋ ಇನ್ನೊಂದು ವಸ್ತುವನ್ನು ಒಡೆದು ಹಾಕುವುದೂ ಅದೇ ಕಿಣ್ವ. ಅದಕ್ಕೆ ತಡೆ ಬಿದ್ದರೆ ಬ್ರಾಡಿಕೈನಿನ್ ಉಸಿರುನಾಳದಲ್ಲಿ ಉಳಿದು ಕೆರಳಿಸುತ್ತದೆ. ಈ ಕೆಮ್ಮು ಮೊದಲ ದಿನವೇ ಬರಬಹುದು, ತಿಂಗಳುಗಳಾದ ಮೇಲೂ ಬರಬಹುದು. ಯಾವ ಸಿರಪ್ಪಿಗೂ ಅದು ಸುಲಭಕ್ಕೆ ಜಗ್ಗುವುದಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಓದಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ಆದರೂ ಕೆಮ್ಮು ತರಿಸುವ ಮಾತ್ರೆಯನ್ನೂ ಕೆಮ್ಮಿನ ಸಿರಪ್ಪನ್ನೂ ಒಂದೇ ಕವರಿಗೆ ಹಾಕಿ ಎರಡು ಸಲ ಕೊಟ್ಟಿದ್ದೆ. ಅವತ್ತು ರಾತ್ರಿ ನನಗೂ ನಿದ್ದೆ ಬರಲಿಲ್ಲ.

ಅವರು ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ಮಾತ್ರೆಯ ತೊಂದರೆ ಅಂದರೆ ನುಂಗಿದ ಸ್ವಲ್ಪ ಹೊತ್ತಿಗೆ ವಾಂತಿ ಆಗೋದು, ಮೈ ತುರಿಸೋದು. ಕೆಮ್ಮು ಅಂದರೆ ಹವೆ, ಧೂಳು. ಐದು ವಾರ ಬಿಟ್ಟು ಬಂದ ಕೆಮ್ಮಿಗೂ ಬಿಪಿ ಮಾತ್ರೆಗೂ ಅವರು ಯಾಕೆ ನಂಟು ಹಾಕುತ್ತಾರೆ? ಆ ನಂಟು ಹಾಕಬೇಕಿದ್ದವಳು ನಾನು. ನಾನೋ, ಕಂಡುಹಿಡಿಯುವ ಕೆಲಸವನ್ನೂ ಅವರ ತಲೆಗೇ ಕಟ್ಟುವ ಪ್ರಶ್ನೆ ಕೇಳುತ್ತಿದ್ದೆ.

ಡಾಕ್ಟರಿಗೆ ಫೋನ್ ಮಾಡಿದೆ. ಅವರು ಅವತ್ತೇ ನೋಡಿ, ಆ ಕಿಣ್ವವನ್ನು ತಡೆಯದ ಇನ್ನೊಂದು ಬಿಪಿ ಮಾತ್ರೆ ಟೆಲ್ಮಿಸಾರ್ಟನ್‌ಗೆ ಬದಲಾಯಿಸಿದರು. ಕೆಮ್ಮು ನಿಲ್ಲೋಕೆ ಕೆಲವು ವಾರ ಹಿಡಿಯಬಹುದು, ದಿನಾ ಬರೆದಿಡಿ ಅಂತ ಹೇಳಿ ಕಳಿಸಿದೆ.

ಅಲ್ಲಿಂದ ನನ್ನ ಪ್ರಶ್ನೆಗಳು ಬದಲಾದವು. ಈಗ ಮಾತ್ರೆಯ ಹೆಸರು ಎತ್ತುವುದಿಲ್ಲ, ದಿನ ಹೇಗೆ ಕಳೆಯಿತು ಅಂತ ಕೇಳುತ್ತೇನೆ. ಬಿಪಿಗೆ ಅಮ್ಲೋಡಿಪಿನ್ ತೆಗೆದುಕೊಳ್ಳುವವರಿಗೆ, "ಸಂಜೆ ಹೊತ್ತಿಗೆ ಚಪ್ಪಲಿ ಬಿಗಿ ಆಗುತ್ತಾ?" ಪಾದ ಊದುತ್ತಿದ್ದರೆ ಅದರಲ್ಲೇ ಗೊತ್ತಾಗುತ್ತದೆ. ಕೊಲೆಸ್ಟ್ರಾಲಿಗೆ ಸ್ಟ್ಯಾಟಿನ್ ತೆಗೆದುಕೊಳ್ಳುವವರಿಗೆ, "ಮೆಟ್ಟಿಲು ಹತ್ತುವಾಗ ತೊಡೆ ನೋಯುತ್ತಾ? ಮೂತ್ರ ಕಪ್ಪಗೆ ಹೋಗುತ್ತಾ?" ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಿಗೆ, "ಹಲ್ಲುಜ್ಜುವಾಗ ರಕ್ತ ಬರುತ್ತಾ?" ಕ್ಷಯಕ್ಕೆ ಎಥಾಂಬ್ಯುಟಾಲ್ ನಡೆಯುತ್ತಿದ್ದರೆ, "ಕೆಂಪು, ಹಸಿರು ಮುಂಚಿನಷ್ಟೇ ಸ್ಪಷ್ಟವಾಗಿ ಕಾಣುತ್ತಾ?" ಹೀಗೆ ಕೇಳಿದರೆ ಜನ ಒಂದು ಗಳಿಗೆ ಸುಮ್ಮನಾಗುತ್ತಾರೆ. ಆಮೇಲೆ, "ಹೌದು, ಅದೊಂದು ಇದೆ, ಆದ್ರೆ ಅದಕ್ಕೂ ಮಾತ್ರೆಗೂ ಏನು ಸಂಬಂಧ?" ಅನ್ನುತ್ತಾರೆ.

ಮೆಥೋಟ್ರೆಕ್ಸೇಟ್ ವಿಷಯದಲ್ಲಿ ಇಂಥ ಒಂದು ಪ್ರಶ್ನೆ ಜೀವ ಉಳಿಸಿತು. ಕೀಲುವಾತಕ್ಕೆ ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಒಬ್ಬ ಹೆಂಗಸು ಬೇರೆ ಯಾವುದೋ ಮುಲಾಮಿಗೆ ಅಂತ ಬಂದಿದ್ದರು. ಮಾತು ಕಡಿಮೆ, ತುಟಿ ಬಿಡಿಸಲು ಕಷ್ಟಪಡುತ್ತಿದ್ದರು. "ಬಾಯಲ್ಲಿ ಹುಣ್ಣಾಗಿದೆಯಾ ಅಮ್ಮಾ?" ಅಂದೆ. ನೀರು ನುಂಗೋಕೂ ಆಗ್ತಿಲ್ಲ ಅಂದರು. ಕೀಲು ನೋವಿನ ಮಾತ್ರೆ ಯಾವತ್ತು ತಗೋತೀರಿ ಅಂತ ಕೇಳಿದೆ. "ದಿನಾ ಬೆಳಿಗ್ಗೆ." ಆರು ದಿನ ಆಗಿತ್ತು. ನೇರ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋದೆ. ಬಿಳಿ ರಕ್ತಕಣ ತೀರಾ ಇಳಿದಿತ್ತು. ಸೇರಿಸಿಕೊಂಡು ಚಿಕಿತ್ಸೆ ಕೊಟ್ಟರು, ಚೇತರಿಸಿಕೊಂಡರು. ಈಗ ಈ ಮಾತ್ರೆ ಕೊಡುವಾಗ ವಾರದಲ್ಲಿ ಯಾವ ದಿನ ಅನ್ನೋದನ್ನು ದಪ್ಪಕ್ಷರದಲ್ಲಿ ಬರೆದು, ಆ ದಿನದ ಹೆಸರನ್ನು ಅವರ ಬಾಯಿಂದಲೇ ಹೇಳಿಸುತ್ತೇನೆ.

ಮೈಗೆ ಗೊತ್ತೇ ಆಗದ ತೊಂದರೆಗಳೂ ಇವೆ. ರಾಮಿಪ್ರಿಲ್ ಶುರು ಮಾಡಿದ ಒಂದೆರಡು ವಾರಕ್ಕೆ ರಕ್ತದಲ್ಲಿ ಪೊಟ್ಯಾಸಿಯಂ, ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ನೋಡಬೇಕು. ಮಾನಸಿಕ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರಿಗೆ ರಕ್ತದಲ್ಲಿ ಅದರ ಮಟ್ಟ, ಥೈರಾಯ್ಡ್, ಮೂತ್ರಪಿಂಡ ಎಲ್ಲವನ್ನೂ ಆಗಾಗ ನೋಡುತ್ತಿರಬೇಕು. ಮಧ್ಯೆ ಐಬುಪ್ರೊಫೆನ್ ಥರದ ನೋವಿನ ಮಾತ್ರೆ ನುಂಗಿದರೂ ಆ ಮಟ್ಟ ಏರಬಹುದು. "ಆರಾಮಾಗಿದೀನಲ್ಲ, ರಕ್ತ ಯಾಕೆ ಕೊಡಲಿ?" ಅಂತ ಜನ ಕೇಳಿದಾಗ ನನಗೆ ನಿಜಕ್ಕೂ ಹೆದರಿಕೆ ಆಗುತ್ತದೆ.

ಹಾಗಂತ ಎಲ್ಲವೂ ಮಾತ್ರೆಯದೇ ತಪ್ಪು ಅಲ್ಲ. ಪೆಟ್ಟಿಗೆಯೊಳಗಿನ ಚೀಟಿ ಓದಿ ಹೆದರಿ, ಹೃದಯಕ್ಕೆ ಕೊಟ್ಟಿದ್ದ ಮೆಟೊಪ್ರೊಲಾಲ್ ಒಂದೇ ದಿನಕ್ಕೆ ನಿಲ್ಲಿಸಿ ಎದೆನೋವು ತಂದುಕೊಂಡವರನ್ನು ನೋಡಿದ್ದೇನೆ. ನಿಲ್ಲಿಸೋ ಮುಂಚೆ ಒಂದು ಫೋನ್ ಮಾಡಿ, ದಯವಿಟ್ಟು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಮೊದಲೇ ಹೇಳಿದ್ದರೆ ಯಾರೂ ಗಾಬರಿ ಆಗುವುದಿಲ್ಲ. ಆದರೆ ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ಚರ್ಮ ಗುಳ್ಳೆ ಎದ್ದು ಸುಲಿದರೆ ಫೋನ್ ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ. ಕಣ್ಣು ಹಳದಿ ಆದರೆ, ಥೈರಾಯ್ಡಿಗೆ ಕಾರ್ಬಿಮಜೋಲ್ ತೆಗೆದುಕೊಳ್ಳುವವರಿಗೆ ಗಂಟಲು ನೋವು, ಜ್ವರ ಬಂದರೆ ನಾಳೆಗೆ ಬಿಡದೆ ಅವತ್ತೇ ರಕ್ತ ಪರೀಕ್ಷೆ ಆಗಬೇಕು.

ಹೊಸ ಮಾತ್ರೆ ಕೊಡುವಾಗ ಒಂದು ಪುಟ್ಟ ಪುಸ್ತಕ ಇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಮೊದಲ ಪುಟದಲ್ಲಿ ಮಾತ್ರೆ ಶುರು ಮಾಡೋ ಮುಂಚೆ ನಿದ್ದೆ, ತೂಕ, ನೋವು ಹೇಗಿದ್ದವು ಅಂತ ಬರೆಯಬೇಕು. ಮುಂಚಿನದು ಬರೆದಿಲ್ಲದಿದ್ದರೆ ಆಮೇಲಿನದನ್ನು ಯಾವುದಕ್ಕೆ ಹೋಲಿಸೋದು, ಅಲ್ವಾ? ಶುರು ಮಾಡಿದ ತಾರೀಕು, ಡೋಸ್ ಬದಲಾದ ತಾರೀಕು, ನಡುವೆ ತೆಗೆದುಕೊಂಡ ಬೇರೆ ಔಷಧಿ, ಕಷಾಯ, ಎಲ್ಲಾ ಅದರಲ್ಲಿರಲಿ.

ಕೆಮ್ಮಿನವರು ಮುಂದಿನ ತಿಂಗಳು ಬಂದಾಗ ಪುಸ್ತಕ ಅವರ ಹೆಂಡತಿಯ ಕೈಯಲ್ಲಿತ್ತು. ನೀಲಿ ಶಾಯಿ, ದಿನಕ್ಕೊಂದು ಸಾಲು. 19ನೇ ದಿನದ ಮುಂದೆ, "ರಾತ್ರಿ ಒಂದೇ ಸಲ ಕೆಮ್ಮು." 23ರ ಮುಂದೆ, "ಕೆಮ್ಮಿಲ್ಲ. ಇಬ್ಬರಿಗೂ ನಿದ್ದೆ." ಕೊನೆಯ ಎರಡು ಸಾಲಿನ ಕೆಳಗೆ ಗೀಟು ಎಳೆದಿದ್ದರು. "ಎದ್ದು ನಿಂತಾಗ ತಲೆ ತಿರುಗುತ್ತೆ. ಮೇಡಂ ಹತ್ರ ಕೇಳಬೇಕು." ಅವರನ್ನು ಕೂರಿಸಿ ಬಿಪಿ ನೋಡಿದೆ. ಆಮೇಲೆ ನಿಲ್ಲಿಸಿ ಇನ್ನೊಮ್ಮೆ ನೋಡಿದೆ. ಎರಡೂ ಅಂಕಿಗಳನ್ನು ಆ ಸಾಲಿನ ಪಕ್ಕದಲ್ಲೇ ಬರೆದು, ಪುಸ್ತಕದ ಸಮೇತ ಡಾಕ್ಟರ ಹತ್ತಿರ ಕಳಿಸಿದೆ.