ಅರ್ಜಿಯ ಒಂದು ಕಾಲಂ

ವಸಂತನರಸಾಪುರದ ಕಾರ್ಖಾನೆಯೊಂದಕ್ಕೆ ಅರ್ಜಿ ತುಂಬಿಸಿಕೊಳ್ಳಲು ನಮ್ಮ ಬೀದಿಯ ಹುಡುಗನೊಬ್ಬ ಇಂದು ಬಂದಿದ್ದ. ಹೆಸರು, ಓದು, ಅನುಭವ ಎಲ್ಲವನ್ನೂ ತಡವರಿಸದೆ ಹೇಳಿದವನು, ‘ಕ್ರಿಮಿನಲ್ ಪ್ರಕರಣದಲ್ಲಿ ಶಿಕ್ಷೆಯಾಗಿದೆಯೇ?’ ಎಂಬ ಕಾಲಂ ಬಂದಾಗ, “ಅಣ್ಣ, ಅದನ್ನು ಖಾಲಿ ಬಿಡಬಹುದಾ?” ಎಂದ.

ಬಿಟ್ಟರೂ ಪೊಲೀಸ್ ಪರಿಶೀಲನೆಯಲ್ಲಿ ಅದು ತಿಳಿಯುತ್ತದೆ. ಪರಪ್ಪನ ಅಗ್ರಹಾರದ ಜೈಲಿನಲ್ಲಿ ಕಲಿತ ಮರಗೆಲಸದಲ್ಲಿ ಅವನ ಕೈ ಪಳಗಿದೆ. ನಮ್ಮ ಮನೆಯ ಬಾಗಿಲ ಚೌಕಟ್ಟನ್ನು ಕೂದಲೆಳೆಯ ಸಂದೂ ಇಲ್ಲದೆ ಕೂರಿಸಿದವನು ಅವನೇ. 1958ರ ಪ್ರೊಬೇಷನ್ ಕಾಯ್ದೆಯ 12ನೇ ಕಲಂ, ಜೈಲಿನ ಬದಲು ಪ್ರೊಬೇಷನ್ ಮೇಲೆ, ಅಂದರೆ ಒಳ್ಳೆಯ ನಡತೆಯ ಷರತ್ತಿನ ಮೇಲೆ, ಬಿಡುಗಡೆಯಾದವರನ್ನು ಶಿಕ್ಷೆಯಿಂದ ಅಂಟುವ ಅನರ್ಹತೆಯಿಂದ ಕಾಯುತ್ತದೆ, ಆದರೆ ಸೆರೆವಾಸ ಪೂರೈಸಿ ಬಂದ ಇವನಂಥವರಿಗೆ ಆ ಆಸರೆಯಿಲ್ಲ. ಇದು ನನಗೆ ಅನ್ಯಾಯವೆಂದೇ ತೋರುತ್ತದೆ.

‘ಹೌದು’ ಎಂದೇ ಬರೆದೆವು. ತುಮಕೂರಿನಲ್ಲಿ ಯಾರಿಗಾದರೂ ಬಡಗಿ ಬೇಕಿದ್ದರೆ ದಯವಿಟ್ಟು ನನಗೆ ತಿಳಿಸಿ.