ಹಾಕಿ ಹೀರೋ ಮನೆಯ ನ್ಯಾನಿ ಮತ್ತು ಕಾಗದದ ಕಾಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ರಾತ್ರಿ ಇವರು ಮಲಗಿದ ಮೇಲೆ ನಾನು ಫೋನಿನಲ್ಲಿ ಓದುವುದು ಹಾಕಿ ಆಟಗಾರರ ಲವ್ ಸ್ಟೋರಿಗಳನ್ನು. ಹುಲ್ಲಿನ ಮೇಲಿನ ಹಾಕಿ ಅಲ್ಲ, ಐಸ್ ಹಾಕಿ. ಕೆನಡಾದ ಕ್ಯಾಲ್ಗರಿಗೆ ಬಂದದ್ದು 2012ರಲ್ಲಿ. ಆಫ್‌ಸೈಡ್ ಅಂದರೆ ಏನು ಅಂತ ಇವತ್ತಿಗೂ ಸರಿಯಾಗಿ ತಲೆಗೆ ಹೋಗಿಲ್ಲ. ಆದರೆ ಆಟಗಾರನ ಅಡುಗೆಮನೆಯಲ್ಲಿ ಏನೇನು ನಡೆಯುತ್ತದೆ ಕೇಳಿ, ಹೇಳುತ್ತೇನೆ.

ಶಿವಮೊಗ್ಗದಲ್ಲಿ ಅಮ್ಮ ವಾರಪತ್ರಿಕೆಯ ಧಾರಾವಾಹಿ ಹಾಳೆಗಳನ್ನು ಕತ್ತರಿಸಿ, ದಬ್ಬಳದಲ್ಲಿ ತೂತು ಮಾಡಿ, ದಾರ ಹಾಕಿ ಹೊಲಿದಿಡುತ್ತಿದ್ದಳು. ನನಗೆ ಲೈಬ್ರರಿಯ ಆ್ಯಪ್ ಇದೆ. ಚಟ ಅದೇ.

ಇವುಗಳಲ್ಲಿ ನನಗೆ ಇಷ್ಟ ನ್ಯಾನಿ ಕಥೆಗಳು. ಹೀರೋಗೆ ನಾಲ್ಕೈದು ವರ್ಷದ ಮಗಳು. ತಾಯಿ ಇಲ್ಲ, ತೀರಿಕೊಂಡಿರುತ್ತಾಳೆ ಅಥವಾ ಬಿಟ್ಟು ಹೋಗಿರುತ್ತಾಳೆ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಸೀಸನ್. ಎಂಬತ್ತಕ್ಕೂ ಹೆಚ್ಚು ಪಂದ್ಯ, ಅದರಲ್ಲಿ ಅರ್ಧ ಬೇರೆ ಊರುಗಳಲ್ಲಿ. ಇವತ್ತು ವ್ಯಾಂಕೂವರ್, ನಾಡಿದ್ದು ಲಾಸ್ ಏಂಜಲೀಸ್. ಮಗು ನೋಡಿಕೊಳ್ಳಲು ಮನೆಯಲ್ಲೇ ಇರುವವಳು ಬೇಕೇ ಬೇಕು. ಇಷ್ಟಂತೂ ಸುಳ್ಳಲ್ಲ, ಆ ಸಂಸಾರ ಹಾಗೇ ನಡೆಯಬೇಕು. ಅವಳು ಒಂದು ಸೂಟ್‌ಕೇಸ್ ಹಿಡಿದು ಬರುತ್ತಾಳೆ. ಜೊತೆಗೆ ಒಂದು ಗುಟ್ಟು. ಹೊಡೆಯುವ ಗಂಡನಿಂದ ಓಡಿಬಂದವಳು, ಇಲ್ಲವೇ ಕೋಚ್‌ನ ತಂಗಿ. ಒಂದರಲ್ಲಿ ಮಗುವಿನ ಸ್ವಂತ ಚಿಕ್ಕಮ್ಮನೇ ಆಗಿದ್ದಳು.

ಪಂದ್ಯದ ದಿನ ಆಟಗಾರರು ಮಧ್ಯಾಹ್ನ ನಿದ್ದೆ ಮಾಡುತ್ತಾರೆ, ಸಂಜೆ ಆಟಕ್ಕೆ ಮೈ ಸಿದ್ಧವಾಗಲಿ ಅಂತ. ಮಹಡಿ ಮೇಲೆ ಅವನು ಮಲಗಿದ್ದಾನೆ. ಕೆಳಗೆ ಮೆಟ್ಟಿಲ ಮೇಲೆ ಇವಳೂ ಮಗುವೂ ಪಿಸುಮಾತಿನಲ್ಲಿ ಕಥೆ ಹೇಳಿಕೊಳ್ಳುತ್ತಿದ್ದಾರೆ. ಎದ್ದವನು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಾನೆ. ಇಂಥ ಕಡೆ ನಾನು ಬೇಕಂತಲೇ ನಿಧಾನಕ್ಕೆ ಓದುತ್ತೇನೆ.

ನನಗೆ ತಕರಾರಿರುವುದು ಗುಟ್ಟಿನ ಬಗ್ಗೆ.

ನಾವು ಬಂದ ಹೊಸದರಲ್ಲಿ ಮಗನಿಗೆ ಎರಡು ವರ್ಷ. ಮನೆ ಹತ್ತಿರದ ಪಾರ್ಕಿನಲ್ಲಿ ಬೆಳಗ್ಗೆ ಇರುತ್ತಿದ್ದವರು ನಾನು ಮತ್ತು ಫಿಲಿಪೀನ್ಸ್‌ನ ನಾಲ್ಕೈದು ನ್ಯಾನಿಗಳು. ಅವರೊಳಗೆ ದೊಡ್ಡವಳನ್ನು ಎಲ್ಲರೂ 'ಆತೆ' ಅನ್ನುತ್ತಿದ್ದರು. ನನ್ನ ಕಿವಿಗೆ ಅದು 'ಅತ್ತೆ'! ಎಲ್ಲರಿಗೂ ಹೇಗೆ ಅತ್ತೆಯಾದಳು ಅಂತ ವಾರಗಟ್ಟಲೆ ಯೋಚಿಸಿದ್ದೇನೆ. ಆತೆ ಅಂದರೆ ಅಕ್ಕ.

ಅವರೆಲ್ಲ ಬಂದದ್ದು 1992ರಲ್ಲಿ ಶುರುವಾದ ಲಿವ್-ಇನ್ ಕೇರ್‌ಗಿವರ್ ಯೋಜನೆಯಲ್ಲಿ. ಕೆಲಸ ಕೊಟ್ಟವರ ಮನೆಯಲ್ಲೇ ಇರಬೇಕಿತ್ತು. ಪರ್ಮಿಟ್‌ನಲ್ಲಿ ಆ ಒಬ್ಬ ಯಜಮಾನರ ಹೆಸರೇ ಇರುತ್ತಿತ್ತು. ಹೀಗೆ ಎರಡು ವರ್ಷದಷ್ಟು ಕೆಲಸ ತುಂಬಿಸಿದರೆ ಪಿಆರ್‌ಗೆ, ಅಂದರೆ ಇಲ್ಲೇ ಕಾಯಂ ನೆಲೆಸುವ ಅನುಮತಿಗೆ, ಅರ್ಜಿ ಹಾಕಬಹುದಿತ್ತು. ಮನೆಯಲ್ಲೇ ಇರಬೇಕೆಂಬ ಷರತ್ತು ಹೋದದ್ದು 2014ರ ಕೊನೆಗೆ.

ಒಂದು ದಿನ ಆತೆ ಜೊತೆ ಚಪ್ಪಲಿ ಅಂಗಡಿಗೆ ಹೋಗಿದ್ದೆ. ಊರಿಗೆ ಕಳಿಸುವ ದೊಡ್ಡ ರಟ್ಟಿನ ಪೆಟ್ಟಿಗೆ ತುಂಬಿಸುತ್ತಿದ್ದಳು. ಸೋಪು, ಚಾಕೊಲೇಟು, ಟವೆಲ್ಲು. ಶೂ ರ‍್ಯಾಕಿನ ಮುಂದೆ ನಿಂತವಳು ಕೈಚೀಲದಿಂದ ಮಡಿಸಿದ ಕಾಗದ ತೆಗೆದಳು. ಪಾದದ ಆಕಾರಕ್ಕೆ ಕತ್ತರಿಸಿದ ಪೇಪರ್. ಅದನ್ನು ಒಂದು ಶೂ ಒಳಗೆ ಇಟ್ಟು ನೋಡಿದಳು, ತೆಗೆದಳು, ಇನ್ನೂ ಎರಡು ಸೈಜ್ ದೊಡ್ಡದು ಹುಡುಕಿದಳು. ಕಾಗದ ಬಂದು ತುಂಬಾ ದಿನವಾಗಿತ್ತಲ್ಲ, ಅಷ್ಟರಲ್ಲಿ ಕಾಲು ಬೆಳೆದಿರುತ್ತದೆ. ನಮ್ಮಪ್ಪ ಪೇಟೆಗೆ ಹೊರಟರೆ ನಮ್ಮ ಪಾದದ ಅಳತೆಗೆ ಪೊರಕೆ ಕಡ್ಡಿ ಮುರಿದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಆದರೆ ಅವರು ಸಂಜೆಗೆ ಮನೆಗೆ ಬರುತ್ತಿದ್ದರು.

ಅವಳಿಗೆ ಏಳು ವರ್ಷದ ಮಗಳಿದ್ದದ್ದು ಕೆಲಸದ ಮನೆಯವರಿಗೆ ಗೊತ್ತಿರಲಿಲ್ಲ. ಸ್ವಂತ ಮಗುವಿದೆ ಅಂದರೆ ಇವರ ಮಗುವನ್ನು ಸರಿಯಾಗಿ ನೋಡಿಕೊಳ್ಳುವುದಿಲ್ಲ ಅಂದುಕೊಂಡಾರು ಅನ್ನುವ ಭಯ. ಅರ್ಜಿಯಲ್ಲಿ ಮಾತ್ರ ಮಗಳ ಹೆಸರು ಬರೆದಿದ್ದಳು. ಪುಣ್ಯ. ವೀಸಾ ಸಿಗಲಿಕ್ಕಿಲ್ಲ ಅಂತ ಅರ್ಜಿಯಲ್ಲೂ ಮುಚ್ಚಿಟ್ಟವರ ಪಾಡು ಬೇರೆ. ಮೊದಲು ತೋರಿಸದ ಮಗುವನ್ನು ಆಮೇಲೆ ಸ್ಪಾನ್ಸರ್ ಮಾಡಿ ಕರೆಸಿಕೊಳ್ಳುವಂತಿರಲಿಲ್ಲ. 2019ರಲ್ಲಿ ಈ ನಿಯಮ ಕೆಲವರ ಮಟ್ಟಿಗೆ ಸಡಿಲವಾಯಿತು.

ಹಾಗಾಗಿ ಕಾದಂಬರಿಯ ಹೀರೋ "ನನಗೆ ಯಾಕೆ ಸುಳ್ಳು ಹೇಳಿದೆ?" ಅಂತ ಕೂಗಾಡಿದಾಗ ನನಗೆ ಮೈ ಉರಿಯುತ್ತದೆ. ಅಲ್ಲಪ್ಪಾ, ಅವಳ ಕೆಲಸ ನಿನ್ನದು, ಮಲಗುವ ಕೋಣೆ ನಿನ್ನದು, ಬಾಗಿಲ ಕೀಲಿ ನಿನ್ನದು. ಸತ್ಯ ಹೇಳಿ ಅವಳು ರಾತ್ರಿ ಎಲ್ಲಿಗೆ ಹೋಗಬೇಕು? ಆಮೇಲೆ ಇವನು ಮಂಜಿನ ಅಂಗಳದ ನಡುವೆ ನಿಂತು, ಮೈಕ್ ಹಿಡಿದು, ತುಂಬಿದ ಸ್ಟೇಡಿಯಮ್ಮಿನೆದುರು ಕ್ಷಮೆ ಕೇಳುತ್ತಾನೆ. ನಮ್ಮೂರ ಸ್ಯಾಡಲ್‌ಡೋಮ್‌ನಲ್ಲಿ 19,000ಕ್ಕಿಂತ ಜಾಸ್ತಿ ಸೀಟಿವೆ. ಅಷ್ಟು ಜನರ ಮುಂದೆ ಯಾರು ತಾನೇ 'ಇಲ್ಲ' ಅಂದಾರು?

ಮೊದಲು ಅವಳು ಬೇರೆ ಕಡೆ ಬಾಡಿಗೆ ಮನೆ ಹಿಡಿಯಲಿ, ಬೇರೆ ಕೆಲಸಕ್ಕೆ ಸೇರಲಿ. ಆಮೇಲೆ ಇವನು ಹೋಗಿ ಬೆಲ್ ಒತ್ತಲಿ. ಅಂಥದ್ದು ಒಂದೇ ಒಂದು ಸಿಕ್ಕಿತು, ಅದನ್ನು ಎರಡು ಸಲ ಓದಿದೆ.

ಮಾರ್ಚ್‌ನಲ್ಲಿ ಟ್ರೇಡ್‌ಗೆ, ಅಂದರೆ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು, ಕೊನೇ ದಿನ. ಟೀವಿಯಲ್ಲಿ ಬೆಳಗ್ಗಿನಿಂದ ಅದೇ ಗಲಾಟೆ. ಬೆಳಗ್ಗೆ ಇಲ್ಲಿದ್ದ ಆಟಗಾರ ಸಂಜೆಗೆ ಇನ್ನೊಂದು ಊರಿನವನು. ಲೀಗಿನ 32 ತಂಡಗಳಲ್ಲಿ 25 ಅಮೆರಿಕದವು. ಕೆನಡಾದ ವರ್ಕ್ ಪರ್ಮಿಟ್ ಅಲ್ಲಿ ನಡೆಯುವುದಿಲ್ಲ.

"ಅಲ್ರೀ, ಇವನು ಹೊರಟುಹೋದರೆ ಆಯಾ ಕಥೆ ಏನು?" ಅಂದೆ.

ಇವರು ಟೀವಿಯಿಂದ ಕಣ್ಣು ತೆಗೆಯಲಿಲ್ಲ. "ಯಾವ ಆಯಾ?"