ಬಿಹಾರ 2020: ಮಹಾಮೈತ್ರಿಯ ಲೆಕ್ಕದ ಶೀಟ್, ಇಲ್ಲಿಯವರೆಗೆ ಆದದ್ದು

2020ರ ಬಿಹಾರ ವಿಧಾನಸಭೆ ಚುನಾವಣೆಯಲ್ಲಿ ಆರ್‌ಜೆಡಿ, ಕಾಂಗ್ರೆಸ್ ಮತ್ತು ಮೂರು ಎಡಪಕ್ಷಗಳ ಮಹಾಮೈತ್ರಿ ಗೆದ್ದದ್ದು 110 ಸೀಟು. ಬಹುಮತಕ್ಕೆ ಬೇಕಿದ್ದದ್ದು 122. ಎನ್‌ಡಿಎಗೆ ಸಿಕ್ಕಿದ್ದು 125. ಎರಡು ಬಣಗಳ ಮತಪ್ರಮಾಣದ ಅಂತರ ಹಿಡಿದು ‘ಶೇ 0.03ರಲ್ಲಿ ಸೋತರು’ ಅನ್ನುವ ಮಾತು ಆಗಿನಿಂದಲೂ ಓಡಾಡುತ್ತಿದೆ. ಆ 12 ಸೀಟು ಎಲ್ಲಿ ಕೈತಪ್ಪಿತು ಎಂದು ಆ ಮಾತು ಹೇಳುವುದಿಲ್ಲ. ಅದನ್ನು ಕ್ಷೇತ್ರವಾರು ಹುಡುಕಲು ಈ ಶೀಟ್.

ಅಡಿಪಾಯ (ಮುಗಿದಿದೆ)

243 ಸಾಲು. ಕಾಲಂಗಳು: ಕ್ಷೇತ್ರ ಸಂಖ್ಯೆ, ಹೆಸರು, ಮಹಾಮೈತ್ರಿಯಿಂದ ನಿಂತ ಪಕ್ಷ, ಅದರ ಮತ, ಎನ್‌ಡಿಎಯಿಂದ ನಿಂತ ಪಕ್ಷ, ಅದರ ಮತ, ಎಲ್‌ಜೆಪಿ (ಲೋಕ ಜನಶಕ್ತಿ ಪಕ್ಷ) ಮತ, ನೋಟಾ, ಒಟ್ಟು ಮತ, ಗೆದ್ದವರು, ಎರಡನೆಯವರು, ಅಂತರ. ಎಲ್‌ಜೆಪಿಗೆ ಬೇರೆ ಕಾಲಂ ಕೊಡಲೇಬೇಕು. ಆ ಸಲ ಅದು ಎನ್‌ಡಿಎಯಿಂದ ಹೊರಗೆ ನಿಂತು ಬಹುಪಾಲು ಜೆಡಿಯು ವಿರುದ್ಧವೇ ಅಭ್ಯರ್ಥಿ ಹಾಕಿತ್ತು. ಅದರ ಶೇ 5.66 ಮತವನ್ನು ಯಾವ ಬಣಕ್ಕೆ ಸೇರಿಸಿದರೂ ಲೆಕ್ಕ ಕೆಡುತ್ತದೆ.

ಫಲಿತಾಂಶದ ಫೈಲನ್ನು ಸೀಟು ಹಂಚಿಕೆಯ ಪಟ್ಟಿಗೆ ಜೋಡಿಸುವಾಗ ಕ್ಷೇತ್ರದ ಹೆಸರನ್ನು ನಂಬಬಾರದು. ಬಿಹಾರದಲ್ಲಿ ಪಿಪ್ರಾ ಎರಡಿವೆ: ಪೂರ್ವ ಚಂಪಾರಣದ 17, ಸುಪೌಲ್‌ನ 42. ಕಲ್ಯಾಣಪುರವೂ ಎರಡು: 16 ಮತ್ತು 131. ಹೆಸರಿನ ಮೇಲೆ ಜೋಡಿಸಿದರೆ ಶೀಟ್ ಮೊದಲು ಸಿಕ್ಕ ಸಾಲನ್ನೇ ಎರಡೂ ಕಡೆ ಎಳೆದುಕೊಳ್ಳುತ್ತದೆ, ದೋಷವನ್ನೂ ತೋರಿಸುವುದಿಲ್ಲ. ಸಂಖ್ಯೆಯ ಮೇಲೆಯೇ ಜೋಡಿಸಿ.

ಇದಕ್ಕಿಂತ ಕೆಟ್ಟ ಗುಂಡಿ ಪಕ್ಷದ ಹೆಸರಿನಲ್ಲಿದೆ. ಸಿಪಿಐನ ಪೂರ್ಣ ಹೆಸರಿನ ಮುಂದೆ ಮಾರ್ಕ್ಸಿಸ್ಟ್ ಎಂದೋ ಮಾರ್ಕ್ಸಿಸ್ಟ್-ಲೆನಿನಿಸ್ಟ್ ಎಂದೋ ಸೇರಿದರೆ ಉಳಿದೆರಡು ಎಡಪಕ್ಷಗಳ ಹೆಸರಾಗುತ್ತದೆ. ಸೂತ್ರದಲ್ಲಿ ನಕ್ಷತ್ರ ಚಿಹ್ನೆ (*, ಮುಂದೆ ಏನಿದ್ದರೂ ಸರಿ ಎಂಬ ಗುರುತು) ಹಾಕಿ ಹುಡುಕಿದರೆ 2 ಸೀಟಿನ ಸಿಪಿಐ 16 ಸೀಟಿನ ಪಕ್ಷವಾಗುತ್ತದೆ: 2 ಸಿಪಿಎಂನದು, 12 ಮಾಲೆಯದು (ಮಾರ್ಕ್ಸಿಸ್ಟ್-ಲೆನಿನಿಸ್ಟ್ ಪಕ್ಷದ ಚಿಕ್ಕ ಹೆಸರು) ಅದರೊಳಗೆ ಸೇರಿಕೊಂಡು. ‘ಜನತಾ ದಳ’ ಎಂದು ಹುಡುಕಿದರೆ ಆರ್‌ಜೆಡಿಯೂ ಜೆಡಿಯುವೂ ಒಂದಾಗಿ 118 ಬರುತ್ತದೆ. ಪ್ರತಿ ಪಕ್ಷಕ್ಕೂ ಚಿಕ್ಕ ಸಂಕೇತ ಕೊಟ್ಟು ಅದರ ಮೇಲಷ್ಟೇ ಎಣಿಸುವುದು ವಾಸಿ.

ತಾಳೆ: ಮಹಾಮೈತ್ರಿ (ಆರ್‌ಜೆಡಿ, ಕಾಂಗ್ರೆಸ್, ಮಾಲೆ, ಸಿಪಿಐ, ಸಿಪಿಎಂ, ಇದೇ ಕ್ರಮದಲ್ಲಿ) ಸ್ಪರ್ಧಿಸಿದ್ದು 144+70+19+6+4 = 243. ಎನ್‌ಡಿಎ ಕಡೆ (ಜೆಡಿಯು, ಬಿಜೆಪಿ, ವಿಐಪಿ, ಎಚ್‌ಎಎಂ) 115+110+11+7 = 243. ಮಹಾಮೈತ್ರಿ ಗೆದ್ದದ್ದು 75+19+12+2+2 = 110. ಈ ಮೂರೂ ಕೂಡದೆ ಮುಂದೆ ಹೋಗಬೇಡಿ.

0.03ರ ಸಂಗತಿ

ಮಹಾಮೈತ್ರಿ: 23.11 + 9.48 + 3.16 + 0.83 + 0.65 = 37.23. ಎನ್‌ಡಿಎ (ಇಲ್ಲಿ ಬಿಜೆಪಿ ಮೊದಲು, ಆಮೇಲೆ ಜೆಡಿಯು): 19.46 + 15.39 + 1.52 + 0.89 = 37.26. ಚೆನ್ನಾಗಿ ಕೂಡಿತು ಅಂತ ಬಿಡುವ ಹಾಗಿಲ್ಲ. ಪ್ರತಿ ಅಂಕಿಯೂ ಎರಡು ದಶಮಾಂಶಕ್ಕೆ ಇಳಿಸಿದ್ದು, ಒಂದೊಂದರಲ್ಲೂ 0.005ರಷ್ಟು ಆಚೀಚೆ ಆಗಬಹುದು. ಒಂಬತ್ತು ಪಕ್ಷ ಸೇರಿದರೆ 0.045. ಅಂದರೆ ವ್ಯತ್ಯಾಸಕ್ಕಿಂತ ದೋಷವೇ ದೊಡ್ಡದಾಗಬಹುದು. ಮತಗಳನ್ನೇ ಕೂಡಿ ಆಮೇಲೆ ಶೇಕಡಾ ತೆಗೆಯಬೇಕು. ಛೇದದಲ್ಲಿ ನೋಟಾ ಇರಲಿ. ಒಂದು ಬಣಕ್ಕೆ ಇಟ್ಟು ಇನ್ನೊಂದಕ್ಕೆ ಬಿಟ್ಟರೆ ಕಥೆ ಮುಗಿಯಿತು.

ಅಂತರದ ಕಾಲಂ

ಸಾವಿರಕ್ಕಿಂತ ಕಡಿಮೆ ಅಂತರದ ಕ್ಷೇತ್ರಗಳು 11. ಇವುಗಳಲ್ಲಿ ಮಹಾಮೈತ್ರಿ ಎರಡನೆಯದಾಗಿ ಸೋತದ್ದು ಆರು: ಹಿಲ್ಸಾ 12, ಬರಬೀಘಾ 113, ಭೋರೆ 462, ಬಛವಾಡಾ 484, ಚಕಾಯಿ 581, ಪರಬತ್ತಾ 951. ಸೋತವರು ಒಬ್ಬರೇ ಅಲ್ಲ. ಆರ್‌ಜೆಡಿ ಮೂರು ಕಡೆ, ಕಾಂಗ್ರೆಸ್, ಮಾಲೆ, ಸಿಪಿಐ ಒಂದೊಂದು ಕಡೆ.

ಹಿಲ್ಸಾ ಸಾಲನ್ನು ಕೈಯಿಂದಲೇ ನೋಡಬೇಕು: ಜೆಡಿಯು 61,848, ಆರ್‌ಜೆಡಿ 61,836. ತಿರಸ್ಕೃತ ಅಂಚೆ ಮತ 182, ಅಂತರಕ್ಕಿಂತ ಹದಿನೈದು ಪಟ್ಟು. ಹೀಗಾದಾಗ ತಿರಸ್ಕೃತ ಮತಪತ್ರಗಳನ್ನು ಮತ್ತೆ ಪರಿಶೀಲಿಸಬೇಕೆಂಬ ನಿಯಮವಿದೆ. ಶೀಟಿನಲ್ಲಿ ಮತಯಂತ್ರದ ಮತ, ಅಂಚೆ ಮತ ಬೇರೆ ಬೇರೆ ಇಡಲು ಇದೊಂದೇ ಸಾಲು ಸಾಕು.

ಸೀಟು ತಿರುಗಿಸಲು ಅಂತರದಷ್ಟು ಮತ ಬೇಕಿಲ್ಲ, ಅರ್ಧಕ್ಕಿಂತ ಒಂದು ಹೆಚ್ಚು ಮತ ಈ ಕಡೆಯಿಂದ ಆ ಕಡೆ ಬಂದರೆ ಸಾಕು. ಆರೂ ಕ್ಷೇತ್ರಕ್ಕೆ: 7 + 57 + 232 + 243 + 291 + 476 = 1,306. ಇಷ್ಟು ಮತ ಸರಿಯಾದ ಜಾಗದಲ್ಲಿ ಬದಲಾಗಿದ್ದರೆ ಮಹಾಮೈತ್ರಿ 116, ಎನ್‌ಡಿಎ 120 (ಚಕಾಯಿ ಗೆದ್ದದ್ದು ಪಕ್ಷೇತರ). ಎಐಎಂಐಎಂನ 5 ಸೇರಿದರೂ 121! ಬಿಎಸ್‌ಪಿಯ ಏಕೈಕ ಶಾಸಕ ಬಂದರೆ 122. ಆ ಕಡೆಗೂ ಬಿಎಸ್‌ಪಿ, ಎಲ್‌ಜೆಪಿ ಒಂದೊಂದು ಸೇರಿ 122. ಅಂದರೆ ಕೂದಲೆಳೆಯ ಸೋಲುಗಳೆಲ್ಲ ಗೆಲುವಾಗಿದ್ದರೂ ಸರ್ಕಾರ ಖಚಿತವಾಗುತ್ತಿರಲಿಲ್ಲ, ಅತಂತ್ರ ಸಭೆ ಆಗುತ್ತಿತ್ತು.

ಸೂತ್ರವನ್ನು ಒಂದೇ ದಿಕ್ಕಿಗೆ ಓಡಿಸುವುದು ಮೋಸ. ರಾಮಗಢ 189, ಡೆಹರಿ 464, ಕುಢನಿ 712, ಬಖರಿ 777: ಈ ನಾಲ್ಕನ್ನು ಮಹಾಮೈತ್ರಿಯೂ ಹೀಗೇ ಗೆದ್ದಿದೆ. ರಾಮಗಢದಲ್ಲಿ ಎದುರಾಳಿ ಬಿಎಸ್‌ಪಿ. ಉಳಿದ ಮಟಿಹಾನಿಯಲ್ಲಿ (333) ಎಲ್‌ಜೆಪಿ ಜೆಡಿಯುವನ್ನು ಸೋಲಿಸಿತು. ಅದು ಈ ಲೆಕ್ಕಕ್ಕೆ ಬರುವುದಿಲ್ಲ.

ಸೀಟು ಹಂಚಿಕೆ (ಅರ್ಧ ಆಗಿದೆ)

ಹಾಗಾಗಿ ಕಣ್ಣು ಹಂಚಿಕೆಯ ಮೇಲೆ. ಗೆಲುವಿನ ಪ್ರಮಾಣ: ಮಾಲೆ ಶೇ 63, ಆರ್‌ಜೆಡಿ 52, ಸಿಪಿಎಂ 50, ಸಿಪಿಐ 33, ಕಾಂಗ್ರೆಸ್ 27. ಎನ್‌ಡಿಎಯಲ್ಲಿ ಬಿಜೆಪಿ 67, ಜೆಡಿಯು 37. 2015ರಲ್ಲಿ ಕಾಂಗ್ರೆಸ್ 41ರಲ್ಲಿ ನಿಂತು 27 ಗೆದ್ದಿತ್ತು, 2020ರಲ್ಲಿ 70ರಲ್ಲಿ ನಿಂತು 19. ಆದರೆ 2015ರ ಮಹಾಮೈತ್ರಿಯಲ್ಲಿ ಜೆಡಿಯು ಇತ್ತು. ಪಕ್ಷಕ್ಕೆ ಬಣ ಗುರುತಿಸುವ ಪಟ್ಟಿಯಲ್ಲಿ ವರ್ಷದ ಕಾಲಂ ಇಲ್ಲದಿದ್ದರೆ ಜೆಡಿಯುವಿನ 71 ತಪ್ಪು ಬುಟ್ಟಿಗೆ ಬೀಳುತ್ತದೆ.

ಸ್ಪರ್ಧಿಸಿದ ಕಡೆಯ ಮತಪ್ರಮಾಣಕ್ಕೆ ತಾತ್ಕಾಲಿಕ ಸೂತ್ರ: ರಾಜ್ಯದ ಶೇಕಡಾ × 243 ÷ ಸ್ಪರ್ಧಿಸಿದ ಸೀಟು. ಆರ್‌ಜೆಡಿ ಸುಮಾರು 39, ಮಾಲೆ 40, ಕಾಂಗ್ರೆಸ್ 33, ಜೆಡಿಯು 32.5. ಎಲ್ಲ ಕ್ಷೇತ್ರದಲ್ಲೂ ಒಟ್ಟು ಮತ ಸಮ ಎಂದುಕೊಂಡ ಸೂತ್ರ ಇದು, ಹಾಗಾಗಿ ಅಂದಾಜೇ. ಆದರೂ ಒಂದು ಅಂಶ ಎದ್ದು ಕಾಣುತ್ತದೆ: ಕಾಂಗ್ರೆಸ್ಸಿಗೂ ಜೆಡಿಯುವಿಗೂ ಹೆಚ್ಚುಕಡಿಮೆ ಒಂದೇ ಮತಪ್ರಮಾಣ, ಗೆಲುವಿನಲ್ಲಿ ಮಾತ್ರ ಹತ್ತು ಅಂಶ ಅಂತರ. ಮತ ಮೂರು ಪಾಲಾದ ಕಡೆ ಶೇ 32 ಗೆಲ್ಲಿಸುತ್ತದೆ, ನೇರ ಹಣಾಹಣಿಯಲ್ಲಿ ಸೋಲಿಸುತ್ತದೆ. ಕಾರಣ ಇದೇ ಇರಬಹುದು ಎಂಬ ಗುಮಾನಿ.

ಪರೀಕ್ಷಿಸಲು ಕಾಂಗ್ರೆಸ್ಸಿನ 70 ಸಾಲನ್ನು ಎರಡಾಗಿ ಒಡೆಯಬೇಕು: ಎದುರು ಬಿಜೆಪಿ ಇದ್ದವು, ಜೆಡಿಯು ಇದ್ದವು. ಎರಡರಲ್ಲೂ ಎಲ್‌ಜೆಪಿ ಮತವನ್ನು ಅಂತರದ ಪಕ್ಕ ಇಡಬೇಕು. ಆರ್‌ಜೆಡಿಯ 144ಕ್ಕೂ ಅದೇ. ಅದಾಗುವವರೆಗೆ ‘70 ಕೊಟ್ಟದ್ದೇ ತಪ್ಪು’ ಎಂಬ ಷರಾ ಕಾಲಂ ಖಾಲಿ.